ಹಿಂದಕ್ಕೆ ಸರಿಯುವ ಗೇರು

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ಕೆಲಸ ತಪ್ಪಿದರೂ ಹೇಳುತ್ತೇವೆ, ಬಸ್ಸು ತಪ್ಪಿದರೂ ಹೇಳುತ್ತೇವೆ. ಲಿಫ್ಟಣ್ಣನ ಅಕ್ಕನಿಗೆ ಮಾತ್ರ ಅದು ಬರೀ ಮಾತಾಗಿರಲಿಲ್ಲ, ಪ್ರತಿ ಊಟದಲ್ಲೂ ಆಗುತ್ತಿದ್ದ ಸಂಗತಿ. ಬಟ್ಟಲಿನಿಂದ ಚಮಚ ಎತ್ತುವವರೆಗೆ ಕೈ ತಕ್ಕಮಟ್ಟಿಗೆ ಮಾತು ಕೇಳುತ್ತಿತ್ತು. ಬಾಯಿ ಹತ್ತಿರ ಬಂದಷ್ಟೂ ನಡುಕ ಏರಿ, ಚಮಚದಲ್ಲಿದ್ದದ್ದು ಗಲ್ಲಕ್ಕಿಷ್ಟು, ಮಡಿಲಿಗಿಷ್ಟು, ನೆಲಕ್ಕಿಷ್ಟು ಹಂಚಿಹೋಗುತ್ತಿತ್ತು. ಬಾಯಿಯ ಪಾಲಿಗೆ ಬರೀ ಲೋಹದ ರುಚಿ ಉಳಿಯುತ್ತಿತ್ತು.

ಈ ನಡುಕ ಶುರುವಾದ ಮೇಲೆ ಅಕ್ಕ ತನ್ನ ಬಾಡಿಗೆ ಮನೆ ಬಿಟ್ಟು ತಮ್ಮನ ಮನೆಗೆ ಬಂದಿದ್ದಳು. ಮದುವೆಯ ಗೋಜಿಗೆ ಹೋಗದೆ ತನ್ನ ಕಾಲ ಮೇಲೆ ನಿಂತು ಬದುಕಿದ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಊರಿನವರ ಮಾತಿಗೆಲ್ಲ ತಂತಿ ಜೋಡಿಸಿದವಳು. ಆ ಕೆಲಸದಲ್ಲಿ ಕೇಳಬಾರದ್ದನ್ನು ಎಷ್ಟು ಕೇಳಿದ್ದಳೋ ಏನೋ, ನಿವೃತ್ತಿಯಾದ ಮೇಲೆ ಒಂದೊಂದಾಗಿ ಹೊರಬೀಳುತ್ತಿತ್ತು, ಅದೂ ಊಟಕ್ಕೆ ಕೂತಾಗಲೇ. ಚಮಚವನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡು "ಕೇಳಿಲ್ಲಿ" ಎಂದಳೆಂದರೆ ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಗುವವರೆಗೂ ಯಾರೂ ಏಳುವ ಹಾಗಿರಲಿಲ್ಲ. ಅಂಥವಳು ಈಗ ಇನ್ನೊಬ್ಬರ ಕೈಯಿಂದ ತಿನ್ನಬೇಕಾಗಿ ಬಂದಿತ್ತು. ಲಿಫ್ಟಣ್ಣನ ಹೆಂಡತಿ ಅತ್ತಿಗೆಯೆಂಬ ಅಕ್ಕರೆಯಿಂದಲೇ ತಿನ್ನಿಸಲು ಕೂರುತ್ತಿದ್ದಳು. ಅಕ್ಕ ಎರಡು ಚಮಚಕ್ಕೆ "ಸಾಕು" ಎಂದು ಮುಖ ತಿರುಗಿಸಿಬಿಡುತ್ತಿದ್ದಳು. ಹಸಿವಿಲ್ಲದೆ ಅಲ್ಲ, ನಾಚಿಕೆಗೆ. ಮೈ ಇಳಿಯುತ್ತಾ ಬಂದಿತ್ತು. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ದಿನ, ಲಿಫ್ಟಣ್ಣ ಆಸ್ಪತ್ರೆಯಿಂದ ಬಂದವನೇ ಊಟದ ಮೇಜಿನ ಅಗಲ ಅಳೆಯತೊಡಗಿದ. ಅಕ್ಕನಿಗೆ ನಡುಗದ ಒಂದು ಕೈ ಮಾಡಿಕೊಡಬೇಕೆಂದು ಅವನಿಗೆ ಅನಿಸಿತ್ತು.

ಲಿಫ್ಟಣ್ಣ ಎನ್ನುವುದು ಅವನಿಗೆ ಹುಟ್ಟಿದಾಗ ಇಟ್ಟ ಹೆಸರಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿಗೆಂದು ಅದರ ಬಾವಿಯಲ್ಲಿ ಜೋತಾಡಿಕೊಂಡೇ ಆಯಸ್ಸು ಕಳೆದವನು ಎಂದು ನೆರೆಯವರು ಹಾಗೆ ಕರೆದರು, ಕರೆದದ್ದು ಅಂಟಿಕೊಂಡಿತು. ನಿವೃತ್ತಿಯಾದರೂ ಕೈ ಸುಮ್ಮನಿರುತ್ತಿರಲಿಲ್ಲ. ತಿರುಗುವಂಥದ್ದು ಏನು ಕಂಡರೂ ಅದು ಯಾಕೆ ತಿರುಗುತ್ತದೆ, ಯಾವುದು ತಿರುಗಿಸುತ್ತದೆ ಎಂದು ತಿಳಿಯದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಗೋಡೆ ಗಡಿಯಾರ ಬಿಚ್ಚಿ, ಜೋಡಿಸಿದ ಮೇಲೂ ಒಂದು ಚಕ್ರ ಕೈಯಲ್ಲುಳಿದು, ಅಳಿಯನೆಂಬ ಗೌರವವನ್ನು ಅವತ್ತೇ ಕಳೆದುಕೊಂಡವನು. ಇಂಥವನ ತಲೆಗೆ ಹುಳ ಹೊಕ್ಕರೆ ಕೇಳಬೇಕೆ?

ಕೈಯ ಲೆಕ್ಕಾಚಾರ ಅವನಿಗೆ ಮೊದಲು ಬಲು ಸಲೀಸೆನಿಸಿತು. ಲಿಫ್ಟಿನಲ್ಲಿ ಹತ್ತಾರು ಜನರನ್ನು ಎತ್ತಿದವನಿಗೆ ಒಂದು ಚಮಚ ಗಂಜಿ ಎತ್ತುವುದೇನು ಮಹಾ? ಭುಜಕ್ಕೊಂದು ಮೋಟಾರು, ಮೊಣಕೈಗೊಂದು, ಮಣಿಕಟ್ಟಿಗೊಂದು, ಅಷ್ಟೇ. ಅದಕ್ಕೆ ಸರ್ವೋ ಮೋಟಾರು ಬೇಕೆಂಬುದೂ ಅವನಿಗೆ ಗೊತ್ತಿತ್ತು. ಸರ್ವೋ ಎಂದರೆ ತಾನೆಲ್ಲಿದ್ದೇನೆಂದು ತಾನೇ ಬಲ್ಲ ಮೋಟಾರು. ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಯಾರಾದರೂ ಅತ್ತಿತ್ತ ಎಳೆದರೆ ಮತ್ತೆ ಅಲ್ಲಿಗೇ ಬರುತ್ತದೆ. ಮನುಷ್ಯರಲ್ಲೂ ಅಪರೂಪವಾದ ಗುಣ ಅದು.

ಮೊದಲು ಆಟಿಕೆಯ ಅಂಗಡಿಗೆ ಹೋದ. ರಿಮೋಟಿನ ವಿಮಾನಗಳಿಗೆ ಹಾಕುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸರ್ವೋಗಳನ್ನು ತಂದು, ಮರದ ಪಟ್ಟಿಗಳಿಗೆ ಬಿಗಿದು, ಬಟ್ಟಲಿನ ಮುಂದೆ ನಿಲ್ಲಿಸಿದ. ಒಳಗಿದ್ದದ್ದು ಪ್ಲಾಸ್ಟಿಕ್ ಹಲ್ಲಿನ ಗೇರುಗಳು. ಚಮಚಕ್ಕೆ ಗಂಜಿ ಬಿದ್ದದ್ದೇ ತಡ, ಭಾರ ತಾಳಲಾರದೆ ಇಡೀ ಕೈ ಜೀಂಯ್ ಎಂದು ನಡುಗತೊಡಗಿತು. ಅಕ್ಕ ಅದನ್ನು ಕುತೂಹಲದಿಂದ ನೋಡುತ್ತಿದ್ದು, "ಪಾಪ, ಇದಕ್ಕೂ ನನ್ ರೋಗಾನೇ ಬಂದಿದೆ" ಎಂದಳು. ಲಿಫ್ಟಣ್ಣನಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಗುಜರಿ ಬೀದಿ. ಆ ಬೀದಿಯಲ್ಲಿ ಮಳಿಗೆಗಳಿಗಿಂತ ಮಳಿಗೆಯ ಮುಂದಿನ ರಾಶಿಗಳೇ ದೊಡ್ಡವು. ಮುಚ್ಚಿಹೋದ ಕಾರ್ಖಾನೆಗಳ ಹೊಟ್ಟೆಯಿಂದ ತೆಗೆದ ಮೋಟಾರುಗಳು ಎಣ್ಣೆ ಮೆತ್ತಿಕೊಂಡು ಬಿಸಿಲಿಗೆ ಬಿದ್ದಿರುತ್ತಿದ್ದವು. ಲಿಫ್ಟಣ್ಣನಿಗೆ ಅಲ್ಲಿ ಕಾಲಿಟ್ಟರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಂದೊಂದನ್ನೂ ಎತ್ತಿ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಕಿವಿಗೆ ಹಿಡಿದು, ಇದು ಹಿಂದೆ ಏನು ಕೆಲಸ ಮಾಡುತ್ತಿತ್ತು ಎಂದು ಗುಜರಿಯವನನ್ನು ಕೇಳುತ್ತಿದ್ದ. ಇದು ಬಿಸ್ಕತ್ತಿನ ಪೊಟ್ಟಣ ಕಟ್ಟುತ್ತಿತ್ತು, ಇದು ಬಾಟಲಿಗೆ ಮುಚ್ಚಳ ಹಾಕುತ್ತಿತ್ತು, ಇದು ಏನು ಮಾಡುತ್ತಿತ್ತೋ ಅದರ ತಾಯಿಗೇ ಗೊತ್ತು ಎಂದು ಗುಜರಿಯವನೂ ಉತ್ಸಾಹದಿಂದಲೇ ಹೇಳುತ್ತಿದ್ದ. ಕೊನೆಗೆ ಬಿಸ್ಕತ್ತಿನ ಕಾರ್ಖಾನೆಯ ಮೋಟಾರುಗಳೇ ಮನೆಗೆ ಬಂದವು. ಅವುಗಳ ಗೇರ್‌ಬಾಕ್ಸುಗಳು ಎರಕದ ಕಬ್ಬಿಣದವು. ಮೊಣಕೈಗೆ ಒಂದನ್ನು ಬಿಗಿದರೆ ಅದನ್ನು ಹೊರಲು ಭುಜಕ್ಕೆ ಇನ್ನೂ ದೊಡ್ಡದು ಬೇಕು, ಆ ಭುಜವನ್ನು ಹೊರಲು ಮೇಜೇ ಬೇರೆ ಬೇಕು. ಮೂಗಿಗಿಂತ ಮೂಗುತಿ ಭಾರವಾಯಿತು. ಸಾಲದ್ದಕ್ಕೆ ಒಳಗಿನ ಹಲ್ಲುಗಳು ಸವೆದು ಸಡಿಲವಾಗಿ, ಮೋಟಾರು ನಿಂತ ಮೇಲೂ ಚಮಚದ ತುದಿ ಹೆಬ್ಬೆರಳಿನಷ್ಟು ಓಲಾಡುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಚಮಚ ಬಾಯಿಯನ್ನು ಬಿಟ್ಟು ಕಿವಿಯ ಕಡೆ ಹೋಯಿತು. ಆ ವಾರವೆಲ್ಲ ಮನೆಯಲ್ಲಿ ಮಾತೆಂದರೆ ಗೇರಿನದೇ. ಅಕ್ಕ ಬೇಸತ್ತು, ದಿನಾ ಗೇರು ಗೇರು ಅಂತ ಅಲೀತೀಯಲ್ಲ, ಗೇರುಬೀಜ ತಂದಿದ್ದರೆ ಬಾಯಿಗಾದರೂ ಬೀಳುತ್ತಿತ್ತು ಎಂದು ಛೇಡಿಸಿದಳು.

ಗುಜರಿಯವನೇ ಅವನನ್ನು ಮುಂದಿನ ಬೀದಿಯ ಮೋಟಾರು ಅಂಗಡಿಗೆ ಕಳಿಸಿದ್ದು. ಅದು ಹೊಸ ಮಾಲಿನ ಅಂಗಡಿ. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ರಟ್ಟಿನ ಪೆಟ್ಟಿಗೆ, ಒಂದೊಂದು ಪೆಟ್ಟಿಗೆಯ ಮೇಲೂ ಒಳಗಿರುವ ಮೋಟಾರಿನ ಚಿತ್ರ. ಯಜಮಾನಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಜಾತಿಯವಳು, ಆದರೆ ಮೋಟಾರಿನ ವಿಷಯಕ್ಕೆ ಬಂದರೆ ಎಲ್ಲವೂ ಬೆರಳ ತುದಿಯಲ್ಲಿತ್ತು. ಲಿಫ್ಟಣ್ಣ ಕೇಳಿದ್ದಕ್ಕೆಲ್ಲ ಅವಳು ಸಾವಧಾನವಾಗಿ ಉತ್ತರ ಕೊಟ್ಟಳು. ಮೋಟಾರು ತಾನಾಗಿ ಬಹಳ ಜೋರಾಗಿ ತಿರುಗುತ್ತದೆ, ಆದರೆ ಬಲ ಕಡಿಮೆ. ಗೇರ್‌ಬಾಕ್ಸು ಆ ವೇಗವನ್ನು ತಗ್ಗಿಸಿ ಬಲ ಮಾಡಿಕೊಡುತ್ತದೆ. ಎಷ್ಟು ತಗ್ಗಿಸಬೇಕು, ಯಾವ ಬಗೆಯ ಗೇರಿನಿಂದ ತಗ್ಗಿಸಬೇಕು ಎನ್ನುವುದರಲ್ಲೇ ಇರುವುದು ಎಲ್ಲ. ಹೀಗೆಂದು ಅವಳು ನಾಲ್ಕೈದು ಬಗೆಯವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಲಿಫ್ಟಣ್ಣನ ಕಣ್ಣು ಮಾತ್ರ ಆಗಲೇ ಒಂದರ ಮೇಲೆ ಕೂತಿತ್ತು. ಅದು ವರ್ಮ್ ಗೇರು, ಹುಳುವಿನ ಹಾಗೆ ಸುತ್ತಿಕೊಂಡ ಒಂದು ಸ್ಕ್ರೂ, ಅದರ ಬೆನ್ನಿಗೆ ಹಲ್ಲಿನ ಚಕ್ರ. ಸ್ಕ್ರೂ ತಿರುಗಿದರೆ ಚಕ್ರ ತಿರುಗುತ್ತದೆ. ಚಕ್ರ ಹಿಡಿದು ಎಷ್ಟು ತಳ್ಳಿದರೂ ಸ್ಕ್ರೂ ಜಪ್ಪಯ್ಯ ಅನ್ನುವುದಿಲ್ಲ. ಹಳೆಯ ಲಿಫ್ಟುಗಳೆಲ್ಲ ಇದರ ಮೇಲೆಯೇ ನಿಂತಿದ್ದವು. ಎತ್ತಿದ್ದು ಜಾರಬಾರದು ಎನ್ನುವ ಒಂದೇ ಮಂತ್ರ ಜಪಿಸಿ ಬದುಕಿದವನಿಗೆ ಹಳೆಯ ಸ್ನೇಹಿತ ಸಿಕ್ಕಂತಾಯಿತು.

ಯಜಮಾನಿ ಕೊಡುವ ಮೊದಲು ಒಂದು ಮಾತು ಕೇಳಿದಳು. "ಇದು ಹಿಂದಕ್ಕೆ ಬರಲ್ಲ. ಬಾಯಿ ಹತ್ರ ಹೋಗೋ ಯಂತ್ರ ಅಂತೀರ, ಪರವಾಗಿಲ್ವಾ?"

"ಹಿಂದಕ್ಕೆ ಬರಬಾರದು ಅಂತಾನೇ ಬೇಕಾಗಿರೋದು" ಎಂದ ಲಿಫ್ಟಣ್ಣ. ತಲೆಗೆ ಹುಳ ಬಿಟ್ಟುಕೊಂಡಿದ್ದವನು ಹೀಗೆ ಹುಳದ ಗೇರನ್ನೇ ಹೊತ್ತುಕೊಂಡು ಮನೆಗೆ ಬಂದ.

ಯಂತ್ರ ಚೆನ್ನಾಗಿಯೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಮೇಜಿನ ಅಂಚಿಗೆ ಬಿಗಿದ ಅಲ್ಯೂಮಿನಿಯಂ ತೋಳು, ಅಕ್ಕನ ಕಾಲ ಬಳಿ ಒಂದು ಪೆಡಲು. ಪೆಡಲು ಒತ್ತಿದರೆ ಚಮಚ ಬಟ್ಟಲಿಗೆ ಇಳಿದು, ತುಂಬಿಕೊಂಡು, ತುಟಿಯ ಮುಂದೆ ಬಂದು ಕಲ್ಲಿನಂತೆ ನಿಲ್ಲುತ್ತಿತ್ತು. ಖಾಲಿಯಾದರೆ ಮಾತ್ರ ವಾಪಸು ಹೋಗುತ್ತಿತ್ತು. ಲಿಫ್ಟಿನಲ್ಲಿ ಒಮ್ಮೆ ಗುಂಡಿ ಒತ್ತಿದ ಮೇಲೆ ಅದು ಬಂದೇ ಬರಬೇಕಲ್ಲ, ಹಾಗೆ. ಒಂದು ಹನಿ ಚೆಲ್ಲಲಿಲ್ಲ. ಮೊದಲ ದಿನವೇ ಬಟ್ಟಲು ಖಾಲಿ. ಲಿಫ್ಟಣ್ಣನ ಹೆಂಡತಿ ಕಣ್ಣೊರೆಸಿಕೊಂಡಳು. ಲಿಫ್ಟಣ್ಣನಂತೂ ನೆಲದ ಮೇಲೆ ನಡೆಯಲೇ ಇಲ್ಲ. ಮೇಲಿನ ಮಹಡಿಯವರು, ಕೆಳಗಿನ ಮಹಡಿಯವರು ಎಲ್ಲ ಬಂದು ನೋಡಿಹೋದರು. ನಳಿಕೆಯ ಮಾತು ಸದ್ಯಕ್ಕೆ ಬೇಡ ಎಂದು ಡಾಕ್ಟರೂ ಹೇಳಿದರು.

ಇಷ್ಟಾದರೂ ಮನೆಯಲ್ಲಿ ಏನೋ ಒಂದು ಕಡಿಮೆಯಾಗಿತ್ತು. ಏನೆಂದು ಲಿಫ್ಟಣ್ಣನಿಗೆ ಕೂಡಲೇ ಹೊಳೆಯಲಿಲ್ಲ. ಯಂತ್ರದಲ್ಲೇ ಏನೋ ಸದ್ದು ನಿಂತಿದೆಯೆಂದು ಬೇರಿಂಗುಗಳಿಗೆ ಎಣ್ಣೆ ಬಿಟ್ಟು ನೋಡಿದ. ಸದ್ದು ನಿಂತದ್ದು ಯಂತ್ರದ್ದಲ್ಲ, ಅಕ್ಕನದು. ಊಟದ ಹೊತ್ತಿನಲ್ಲಿ ಅವಳು ಮಾತಾಡುವುದನ್ನೇ ಬಿಟ್ಟಿದ್ದಳು. ಬರುತ್ತಿದ್ದಳು, ಕೂರುತ್ತಿದ್ದಳು, ಪೆಡಲು ಒತ್ತಿ ಒತ್ತಿ ಬಟ್ಟಲು ಖಾಲಿ ಮಾಡಿ ಎದ್ದುಹೋಗುತ್ತಿದ್ದಳು. ಹಿಂದೆ ಕೈಯಿಂದ ಚೆಲ್ಲುತ್ತಿದ್ದ ಕಾಲದಲ್ಲೂ ಒಂದು ಕಡ್ಡಿಯನ್ನು ಗುಡ್ಡ ಮಾಡಿ ಹೇಳುತ್ತಿದ್ದವಳು ಈಗ ಹೊಟ್ಟೆ ತುಂಬಿದ್ದರೂ ಮೌನ. ರೋಗ ನಾಲಗೆಗೂ ಇಳಿಯಿತೇ ಎಂದು ಹೆಂಡತಿ ಹೆದರಿದಳು. ಆದರೆ ಬಾಲ್ಕನಿಯಲ್ಲಿ ಕೂತಾಗ ಪಕ್ಕದ ಮನೆಯವಳೊಡನೆ ಅಕ್ಕ ಚೆನ್ನಾಗಿಯೇ ಮಾತಾಡುತ್ತಿದ್ದಳು. ಮೇಜಿನ ಮುಂದೆ ಮಾತ್ರ ಬಾಯಿ ಕಟ್ಟಿದಂತಾಗುತ್ತಿತ್ತು. ಯಾಕೆ? ಈ ಯಾಕೆ ಎನ್ನುವುದು ಹೊಕ್ಕರೆ ಲಿಫ್ಟಣ್ಣ ಬಿಡುವ ಪೈಕಿಯಲ್ಲ.

ಅವತ್ತು ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅವನು ಅವಳ ಕುರ್ಚಿಯಲ್ಲಿ ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಪೆಡಲು ಒತ್ತಿದ. ಮೊದಲ ಚಮಚ ಬಂತು, ತಿಂದ. ಎರಡನೆಯದಕ್ಕೆ ಒತ್ತಿದಾಗ ಗಂಜಿಗೆ ಉಪ್ಪು ಸಾಲದು ಎಂದು ಹೆಂಡತಿಗೆ ಹೇಳೋಣವೆನಿಸಿತು. ಬಾಯಿ ತೆಗೆದ. ಚಮಚ ತುಟಿಗೆ ಬಂದು ನಿಂತಿತ್ತು. ಮುಖ ತಿರುಗಿಸಿದರೆ ಅಂಚು ಕೆನ್ನೆಗೆ ತಾಗುತ್ತಿತ್ತು. ಗಲ್ಲದಿಂದ ದೂಡಿದ. ಕತ್ತು ಕೊಟ್ಟು ದೂಡಿದ. ಗೋಡೆಗೆ ಗಲ್ಲ ಒತ್ತಿದಂತಾಯಿತೇ ಹೊರತು ಕೂದಲೆಳೆಯಷ್ಟೂ ಅದು ಹಿಂದೆ ಸರಿಯಲಿಲ್ಲ. ಹಿಂದೆ ಸರಿಯಬಾರದೆಂದು ಆರಿಸಿ ತಂದವನೇ ಅವನಲ್ಲವೇ? ಬೇರೆ ದಾರಿ ಕಾಣದೆ ಬಾಯಿ ತೆರೆದು ನುಂಗಿದ. ಉಪ್ಪಿನ ಮಾತು ಒಳಗೇ ಹೋಯಿತು. ಮೊದಲು ನಗುತ್ತಿದ್ದ ಹೆಂಡತಿ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಅವನು ಅಕ್ಕನಿಗೆ ಉಪಕಾರ ಮಾಡುತ್ತೇನೆಂದು ಅವಳ ಬಾಯಿ ಮುಚ್ಚಿಸಿದ್ದ.

ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದಾಗ ಅವನು ಇನ್ನೂ ಅದೇ ಕುರ್ಚಿಯಲ್ಲಿದ್ದ. ಅವಳಿಗೆ ಹೇಳದೆಯೇ ಅರ್ಥವಾಯಿತು.

"ಯಾಕಕ್ಕಾ ಮೊದಲೇ ಹೇಳ್ಲಿಲ್ಲ?" ಎಂದ.

"ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ ಚಮಚ ಬಂತಲ್ಲಪ್ಪ" ಎಂದಳು ಅಕ್ಕ. ನಗಿಸಲೆಂದು ಆಡಿದ ಮಾತು, ಆದರೆ ಅವಳೇ ನಗಲಿಲ್ಲ. ಮೆಲ್ಲಗೆ ಹೇಳಿದಳು: "ಬಟ್ಟಲು ಖಾಲಿ ಆದಾಗ ನಿನ್ ಮುಖ ಅರಳ್ತಿತ್ತು, ಅದನ್ನ ನೋಡಿ ಸುಮ್ನಿದ್ದೆ. ನಿನ್ ಹೆಂಡ್ತಿ ಕೈಯಲ್ಲಾದ್ರೆ ಸಾಕು ಅಂತಿದ್ದೆ, ಅವಳು ಬಿಡ್ತಿದ್ಲು. ಒಂದ್ಸಲ ಒತ್ತಿದ್ಮೇಲೆ ಇದಕ್ಕೆ ಸಾಕು ಅಂತ ಹೇಗೆ ಹೇಳ್ಲಿ?"

ಲಿಫ್ಟಣ್ಣ ಸ್ಪ್ಯಾನರ್ ತಂದು ಅಲ್ಲೇ ತೋಳು ಬಿಚ್ಚಿದ.

ಮರುದಿನ ಮೋಟಾರು ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲಿದ್ದ. ತಳ್ಳಿದರೆ ಹಿಂದಕ್ಕೆ ಬರುವಂಥದ್ದು ಬೇಕು ಎಂದ. ಯಜಮಾನಿ ಹಂಗಿಸಲಿಲ್ಲ, ನಾನು ಅವತ್ತೇ ಹೇಳಿದ್ದೆ ಎಂದೂ ಅನ್ನಲಿಲ್ಲ. ಅವಳಿಗೂ ಈ ಪ್ರಶ್ನೆಯೇ ಹಿಡಿಸಿತ್ತು. ನನ್ನ ಅಂಗಡಿಗೆ ಬರುವವರೆಲ್ಲ ಎಷ್ಟು ಗಟ್ಟಿ ಹಿಡಿಯುತ್ತದೆ ಎಂದು ಕೇಳುತ್ತಾರೆ, ಎಷ್ಟು ಸುಲಭವಾಗಿ ಬಿಡುತ್ತದೆ ಎಂದು ಕೇಳಿದವರು ನೀವೇ ಮೊದಲು ಎನ್ನುತ್ತಾ ಪೆಟ್ಟಿಗೆಗಳನ್ನು ಇಳಿಸತೊಡಗಿದಳು. ಗೇರು ವೇಗವನ್ನು ತಗ್ಗಿಸಿದಷ್ಟೂ ಹಿಂದಿನಿಂದ ತಳ್ಳುವುದು ಕಷ್ಟ. ಹಾಗಾಗಿ ಮೋಟಾರು ಅಗಲವಾದದ್ದಿರಲಿ, ತಾನೇ ಬಲವಾಗಿರಲಿ, ಗೇರು ಮಾತ್ರ ಆದಷ್ಟು ಕಡಿಮೆಯಿರಲಿ ಎಂದು ಅವಳ ಸಲಹೆ. ಒಂದು ಚಕ್ರವನ್ನು ನಡುವೆ ಕೂರಿಸಿ ಸುತ್ತಲೂ ಪುಟ್ಟ ಚಕ್ರಗಳು ತಿರುಗುವ ಗೇರ್‌ಬಾಕ್ಸುಗಳಲ್ಲಿ ಒಂದೇ ಹಂತದವನ್ನು ಆರಿಸಿ ತೆಗೆದಳು. ಇಬ್ಬರೂ ಅಕ್ಕಪಕ್ಕ ನಿಂತು ಒಂದೊಂದರ ಶಾಫ್ಟಿಗೂ ಕಡ್ಡಿ ಸಿಕ್ಕಿಸಿ ತಳ್ಳಿ ನೋಡಿದರು. ಲಿಫ್ಟಣ್ಣ ಬಲಗೈ ಬಳಸಲೇ ಇಲ್ಲ. ಅವನ ಎಡಗೈಯ ಕಿರುಬೆರಳು ಯಾವಾಗಲೋ ಬಾಗಿಲಿಗೆ ಸಿಕ್ಕಿ ಬಲ ಕಳೆದುಕೊಂಡಿತ್ತು. ಅಕ್ಕನ ಕೈಗೆ ಈಗ ಇರುವ ಬಲ ಹೆಚ್ಚುಕಡಿಮೆ ಅಷ್ಟೇ ಎಂದು ಅವನ ಅಂದಾಜು. ಆ ಬೆರಳಿಗೆ ಯಾವುದು ಸೋಲುತ್ತದೋ ಅದೇ ತನಗೆ ಬೇಕು ಎಂದ. ಒಂದು ಸೋತಿತು, ಬೆಣ್ಣೆಯ ಹಾಗೆ ಹಿಂದೆ ಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು.

ಆದರೆ ಬಿಡುವ ಗೇರಿಗೆ ಹಿಡಿಯಲು ಬರುವುದಿಲ್ಲ. ಮನೆಗೆ ತಂದು ಜೋಡಿಸಿ ಕರೆಂಟು ತೆಗೆದರೆ ತೋಳು ಧೊಪ್ಪನೆ ಬಟ್ಟಲಿಗೆ ಬಿತ್ತು. ಲಿಫ್ಟಣ್ಣನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಒಂದು ದಿನವಿಡೀ ಅದರ ಸುತ್ತ ಸುತ್ತಿದ. ಬ್ರೇಕು ಹಾಕಲೇ ಎಂದುಕೊಂಡ. ಬ್ರೇಕು ಹಾಕಿದರೆ ಮತ್ತೆ ಅದೇ ಗೋಡೆ. ಸಾಯಂಕಾಲ ತನ್ನ ಕಟ್ಟಡದ ಲಿಫ್ಟಿನಲ್ಲಿ ಇಳಿಯುವಾಗ ಹೊಳೆಯಿತು. ಲಿಫ್ಟು ಬರೀ ಹಿಡಿತದಿಂದ ನಿಂತಿರುವುದಿಲ್ಲ, ಹಗ್ಗದ ಆಚೆ ತುದಿಗೆ ಎದುರು ತೂಕವೊಂದು ಜೋತಿರುತ್ತದೆ. ಮನೆಗೆ ಓಡಿದವನೇ ತೋಳಿನ ಹಿಂದುಗಡೆ ಒಂದು ಪಟ್ಟಿ ಬಿಗಿದು ಸೀಸದ ಬಿಲ್ಲೆಗಳನ್ನು ಸೇರಿಸುತ್ತಾ ತೆಗೆಯುತ್ತಾ ಅಳೆದೂ ಸುರಿದೂ ಕೂರಿಸಿದ. ಈಗ ಕರೆಂಟಿಲ್ಲದಿದ್ದರೂ ತೋಳು ಬಿಟ್ಟಲ್ಲೇ ನಿಂತಿತು, ಬೆರಳು ತಾಗಿಸಿದರೆ ತಾಗಿಸಿದ ಕಡೆ ಹೋಯಿತು. ಹಿಡಿದುಕೊಂಡು ನಿಂತದ್ದಲ್ಲ, ತೂಗಿಕೊಂಡು ನಿಂತದ್ದು. ಕರೆಂಟಿದ್ದಾಗಲೂ ಯಾರಾದರೂ ತಳ್ಳಿದರೆ ಮೋಟಾರು ಪಟ್ಟು ಸಡಿಲಿಸುವಂತೆ ಮಾಡಿದ. ಇಷ್ಟು ಕಾಲ ಲಿಫ್ಟಿನಲ್ಲಿದ್ದು ತಾನು ಗೇರನ್ನೇ ಹೊಗಳಿ ಈ ಮೂಕ ತೂಕವನ್ನು ಮರೆತಿದ್ದೆನಲ್ಲ ಎಂದು ಅವನಿಗೆ ಸೋಜಿಗವಾಯಿತು.

ಭಾನುವಾರ ಮಧ್ಯಾಹ್ನ ಮೂವರೂ ಮೇಜಿಗೆ ಕೂತರು. ಅಕ್ಕ ಪೆಡಲು ಒತ್ತಿದಳು. ಚಮಚ ಬಂತು, ತಿಂದಳು. ಇನ್ನೊಂದು, ಮತ್ತೊಂದು. ನಾಲ್ಕನೆಯದು ಅರ್ಧ ದಾರಿಗೆ ಬಂದಾಗ ಅವಳ ಮುಖದಲ್ಲಿ ಏನೋ ನೆನಪು ಹಾದುಹೋಯಿತು. "ಕೇಳಿಲ್ಲಿ" ಎಂದಳು. ನಡುಗುವ ಕೈಯ ಹಿಂಬದಿಯಿಂದ ಚಮಚವನ್ನು ಪಕ್ಕಕ್ಕೆ ದೂಡಿದಳು. ಅದು ಸರಿದು ನಿಂತಿತು. ಒಂದಿಷ್ಟು ಗಂಜಿ ಲಿಫ್ಟಣ್ಣನ ಅಂಗಿಯ ಮೇಲೆ ಬಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ. ಒಬ್ಬ ಹಲ್ಲಿನ ಡಾಕ್ಟರು ದಿನಾ ಎಕ್ಸ್‌ಚೇಂಜಿಗೆ ಫೋನು ಮಾಡಿ ತಪ್ಪು ನಂಬರನ್ನೇ ಕೇಳುತ್ತಿದ್ದ, ಬೇಕೆಂದೇ ಕೇಳುತ್ತಿದ್ದ, ಆ ಕಡೆ ಎತ್ತುತ್ತಿದ್ದವಳೂ ಬೇಕೆಂದೇ ಬೈಯುತ್ತಿದ್ದಳು. ಆ ಬೈಗುಳಗಳನ್ನೆಲ್ಲ ಅಕ್ಕ ಒಂದೂ ಬಿಡದೆ ಒಪ್ಪಿಸಿದಳು. ಹೆಂಡತಿ ಬಿದ್ದು ಬಿದ್ದು ನಕ್ಕಳು. ನಡುನಡುವೆ ಅಕ್ಕ ಚಮಚವನ್ನು ಕರೆದಳು, ತಿಂದಳು, ತಳ್ಳಿದಳು. ಒಂದೆರಡು ಸಲ ಹಸಿವಿಗಲ್ಲ, ತಳ್ಳುವ ಖುಷಿಗೇ ತಳ್ಳಿದಳು.

ಬಟ್ಟಲು ಅರ್ಧವಾಗುತ್ತಿದ್ದಂತೆ "ಸಾಕು" ಎಂದಳು.

ಹೆಂಡತಿ ಲಿಫ್ಟಣ್ಣನ ಮುಖ ನೋಡಿದಳು. ಇನ್ನೊಂದೇ ಒಂದು ಚಮಚ ಅಕ್ಕಾ ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ನಳಿಕೆ, ಡಾಕ್ಟರು, ಇಳಿದ ಮೈ ಎಲ್ಲ ಒಟ್ಟಿಗೆ ನೆನಪಾಗಿ ಅವನಿಗೆ ಭಯವೇ ಆಯಿತು. ಅರ್ಧ ಬಟ್ಟಲು ಸಾಲದು ಎನ್ನುವುದು ಅವನಿಗೆ ಗೊತ್ತು. ಯಂತ್ರ ಹಿಂದೆ ಸರಿಯುವುದನ್ನು ಕಲಿತಿತ್ತು, ಇನ್ನು ಕಲಿಯಬೇಕಾದವನು ಅವನು. ತುಟಿ ಬಿಗಿಹಿಡಿದು, ಕೈ ಚಾಚಿ ಸ್ವಿಚ್ಚು ಆರಿಸಿ, ಬಟ್ಟಲನ್ನು ಪಕ್ಕಕ್ಕಿಟ್ಟ.

ಅಕ್ಕ ಅವನನ್ನೇ ನೋಡುತ್ತಿದ್ದಳು. ಒತ್ತಾಯ ಬಂದೇ ಬರುತ್ತದೆಂದು ಕಾದವಳ ಹಾಗಿತ್ತು ಆ ನೋಟ. ಬರಲಿಲ್ಲ. ಅವಳು ಬಾಯಿ ಒರೆಸಿಕೊಂಡು, ಕುರ್ಚಿಗೆ ಒರಗಿ, ಅವನ ಹೆಂಡತಿಯ ಕಡೆ ತಿರುಗಿ ಕೇಳಿದಳು. "ರಾತ್ರಿಗೆ ಏನೇ ಮಾಡ್ತೀಯ?"

ಮುಂದಿನ ಊಟದ ಬಗ್ಗೆ ಅವಳು ಕೇಳದೆ ಎಷ್ಟು ತಿಂಗಳಾಗಿತ್ತೋ. ಲಿಫ್ಟಣ್ಣ ತಟ್ಟನೆ ಎದ್ದು, ಅಂಗಿಯ ಮೇಲಿನ ಗಂಜಿ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಅತ್ತ.